ಹತ್ತಿ

ಡಬ್ಬಿಗೆ ಹತ್ತಿ ತುರುಕುವುದನ್ನು ಕಲಿಸಿದವಳು ಅಪೊಂಡಿ.
ಮೂವತ್ತು ಮಾತ್ರೆ, ನಡೆದರೆ ಗಲಗಲ;
ನಾವು ಮನೆ ಮುಟ್ಟುವ ಮೊದಲೇ ಸುದ್ದಿ ಮುಟ್ಟಿರುತ್ತದೆ.
ಅದಕ್ಕೇ ಹತ್ತಿ. ಸಿಗದಿದ್ದರೆ ಹಳೇ ಲಂಗದ ಚೂರು.
ಮ್ಫಾಂಗಾನೊ ದ್ವೀಪದ ಹೆಂಗಸರ ಗುಟ್ಟೆಲ್ಲ
ಅಷ್ಟು ಮೆತ್ತಗೆ.

ಮೊದಲು ಮಾತ್ರೆಯೇ ಇರಲಿಲ್ಲ.
ದೋಣಿ ಕಟ್ಟುವ ಒಗ್ವೆನೊ ಎರಡು ವರ್ಷ
ಒಂದೂ ದೋಣಿ ಕಟ್ಟಲಿಲ್ಲ,
ಹಲಗೆಯೆಲ್ಲ ಪೆಟ್ಟಿಗೆಗೇ ಹೋಯಿತು.
ಆಮೇಲೆ ಬೆಳಿಗ್ಗೆ ಮೂರು, ರಾತ್ರಿ ನಾಲ್ಕು;
ನಿದ್ದೆಯಲ್ಲಿ ಸರೋವರ ಹೊತ್ತಿ ಉರಿಯುತ್ತಿತ್ತು.
ಈಗ ದಿನಕ್ಕೊಂದೇ. ನುಂಗಿ, ಮೀನು ಒಣಹಾಕಲು ಹೊರಡುತ್ತೇನೆ.

ಹೋದ ವರ್ಷ ರಕ್ತ ನೋಡಿದ ಹುಡುಗ ಹೇಳಿದ:
ವೈರಸ್ ಇದೆ ಅಮ್ಮಾ, ಆದರೆ ಕಾಣುವಷ್ಟಿಲ್ಲ,
ನಿನ್ನಿಂದ ಇನ್ನೊಬ್ಬರಿಗೆ ದಾಟುವುದಿಲ್ಲ.
ನಕ್ಕುಬಿಟ್ಟೆ.
ನಾನೂ ಹಾಗೇ ಅಲ್ಲವೇನೋ ಮಗಾ,
ಇದ್ದೇನೆ, ಕಾಣುವಷ್ಟಿಲ್ಲ.

ಮೊನ್ನೆ ಕ್ಲಿನಿಕ್ಕಿನ ಬಾಗಿಲಿಗೆ ಒಂದು ಹಾಳೆ.
ಎಲ್ಲೋ ದೂರದೂರಿನಲ್ಲಿ ಯಾರೋ
ಲೆಕ್ಕದ ಪುಸ್ತಕದ ಒಂದು ಸಾಲು ಹೊಡೆದುಹಾಕಿದರಂತೆ.
ಆ ಸಾಲಿನೊಳಗೆ ನಮ್ಮ ದೋಣಿಯ ಪೆಟ್ರೋಲ್ ಇತ್ತು,
ರಕ್ತ ತುಂಬುವ ಗಾಜಿನ ನಳಿಕೆ ಇತ್ತು,
ಅಪೊಂಡಿಯ ಸಂಬಳ, ಅವಳ ಮಗನ ಇಸ್ಕೂಲು ಇತ್ತು.
ಮಾತ್ರೆ ಇದೆಯಂತೆ, ಎಂಬಿಟಾದ ಗೋದಾಮಿನಲ್ಲಿ.
ನಡುವೆ ಬರೀ ನೀರು.

ಆರು ತಿಂಗಳಿಗೊಂದು ಸೂಜಿ ಬಂದಿದೆ ಎಂದಿತು ರೇಡಿಯೊ,
ಚುಚ್ಚಿಸಿಕೊಂಡವರಿಗೆ ಎಚ್‌ಐವಿ ಹತ್ತುವುದೇ ಅಪರೂಪವಂತೆ.
ತಂಗಿಯ ಮಗಳು ಅಡೋಯೊ ಕೆಲಸ ಬಿಟ್ಟು ಕೇಳಿಸಿಕೊಂಡಳು.
ಹತ್ತೊಂಬತ್ತು ಅವಳಿಗೆ.
ನಸುಕಿನಲ್ಲಿ ಬುಟ್ಟಿ ಹಿಡಿದು ದಡದಲ್ಲಿ ನಿಲ್ಲುತ್ತಾಳೆ;
ಯಾರ ಬುಟ್ಟಿ ತುಂಬಬೇಕೆಂದು ದೋಣಿಯವರು ಆರಿಸುತ್ತಾರೆ,
ಬೆಲೆ ದುಡ್ಡಿನಲ್ಲೇ ಇರಬೇಕೆಂದಿಲ್ಲ.
ಸೂಜಿ ಯಾವ ದೋಣಿಯಲ್ಲಿ ಬರುತ್ತೆ ದೊಡ್ಡಮ್ಮಾ,
ಎಂದಳು.
ಒಲೆಗೆ ಸೌದೆ ನೂಕಿದೆ. ಇನ್ನೇನು ಮಾಡಲಿ.

ರಾತ್ರಿ ಡಬ್ಬಿ ಸುರಿದು ಎಣಿಸಿದೆ: ಹನ್ನೊಂದು.
ಮತ್ತೆ ಎಣಿಸಿದೆ. ಹನ್ನೊಂದೇ.

ಸಂಬಳವಿಲ್ಲದ ಅಪೊಂಡಿ ಬಾಗಿಲು ಬಡಿದಳು:
ಒಗ್ವೆನೊ ದೋಣಿ ಕೊಡುತ್ತಾನೆ, ಹುಟ್ಟು ನಾವೇ ಹಾಕಬೇಕು.
ಖಾಲಿಯೋ ಅರೆಖಾಲಿಯೋ, ಡಬ್ಬಿ ತನ್ನಿ.
ಇಪ್ಪತ್ತಮೂರು ಜನ.
ಪಕ್ಕದ ಮನೆಯವಳೂ ಬಂದಿದ್ದಳು, ಡಬ್ಬಿ ಹಿಡಿದು;
ಹದಿನಾಲ್ಕು ವರ್ಷ ಒಂದೇ ಬಾವಿ ನಮ್ಮದು,
ನನಗೆ ಗೊತ್ತೇ ಇರಲಿಲ್ಲ.

ಎಲ್ಲರೂ ದೋಣಿ ಹತ್ತಿ ಕೂತೆವು.
ಯಾರು ಮೊದಲು ಕಿತ್ತರೋ,
ಒಂದೊಂದೇ ಹತ್ತಿ ಹೊರಬಂತು.
ಅಲೆಗೊಮ್ಮೆ ಗಲಗಲ, ಅಲೆಗೊಮ್ಮೆ ಗಲಗಲ.

ನನ್ನ ಹತ್ತಿಯನ್ನು ನಾನು ಎಸೆಯಲಿಲ್ಲ.
ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದೇನೆ,
ವಾಪಸು ಬರುವಾಗ ಬೇಕಾಗಬಹುದು.