ಹನ್ನೊಂದನೇ ಕಾಲಂ

ಹತ್ತೂವರೆಯ ಫೆರಿಗೇ ಹೊರಡಬೇಕು.
ಅಷ್ಟರಲ್ಲಿ ಶಾಲೆ ಮಕ್ಕಳೂ ಮೀನಿನವರೂ ದಾಟಿ ಮುಗಿದಿರುತ್ತದೆ.
ಜನ ಕಂಡರೆ ಪುರಂದರ ಕೆಳಗೆ ಕೂತುಬಿಡುತ್ತಾನೆ
ದೋಣಿಯ ಹಲಗೆಗೆ ಕಿವಿಯಿಟ್ಟು.
ಬೆಂಗ್ರೆಯಿಂದ ಬಂದರಿಗೆ ಎಂಟು ನಿಮಿಷ.
ನನ್ನ ತೊಡೆಯ ಮೇಲೆ ಫೈಲು, ಫೈಲಿಗೆ ಎರಡು ಪ್ಲಾಸ್ಟಿಕ್ಕು:
ಒಂದು ಉಪ್ಪುನೀರಿಗೆ, ಇನ್ನೊಂದು ನನ್ನ ಕೈಯ ವಾಸನೆಗೆ.
ಕೌಂಟರಿನವಳು ಒಮ್ಮೆ ಮೂಗು ಮುಚ್ಚಿ ತೆರೆದಿದ್ದಳು ಅದನ್ನು.

ಇಪ್ಪತ್ತಮೂರಕ್ಕೆ ಬೋಟಿನಿಂದ ಇಳಿದವ.
ಇಳಿದ ಮೇಲೂ ಕಿವಿಯೊಳಗಿನ ವೈರ್‌ಲೆಸ್ ನಿಲ್ಲಲಿಲ್ಲ.
ಯಾವುದೋ ಬೋಟು, ಎಷ್ಟೋ ಮಾರು ಆಳ,
ಯಾರೋ ಹೆಸರು ಹಿಡಿದು ಬಯ್ಯುವುದು.
ಈಗ ನಲವತ್ತೇಳು.
ಅಮ್ಮ ಇರುವಾಗ ನನಗೆ ಈ ಲೆಕ್ಕ ಗೊತ್ತಿರಲಿಲ್ಲ:
ಬೆಳಿಗ್ಗೆ ಒಂದು ಬಿಳಿ, ರಾತ್ರಿ ಎರಡು ಹಳದಿ,
ನಾಲಗೆ ಎತ್ತು ಪುರು, ಅಡಿಯಲ್ಲಿ ಅಡಗಿಸಿಲ್ಲ ತಾನೆ?

ದೊಡ್ಡಾಸ್ಪತ್ರೆಯಲ್ಲಿ ಹದಿನೈದು ದಿನ ಇಟ್ಟುಕೊಂಡರು.
ಒಳ್ಳೆಯವರೇ. ಗಡ್ಡ ತೆಗೆಸಿದರು, ಅವ ಒಮ್ಮೆ ನಕ್ಕ ಸಹ.
ಹದಿನಾರನೇ ದಿನ, "ಕಂಟ್ರೋಲಿಗೆ ಬಂದಿದೆ, ಕರೆದುಕೊಂಡು ಹೋಗಿ."
ಎಲ್ಲಿಗೆ ಡಾಕ್ಟ್ರೇ?
"ಮನೆಗೆ," ಎಂದರು,
ಮನೆಯೂ ಚೀಟಿಯಲ್ಲಿ ಬರೆದ ಇನ್ನೊಂದು ಮಾತ್ರೆಯ ಹೆಸರೆಂಬಂತೆ.

ಮನೆ ಎಂದರೆ ಒಂದು ಕೋಣೆ, ಒಂದು ಚಾವಡಿ.
ನಸುಕಿಗೆ ನಾನು ದಕ್ಕೆಗೆ ಹೋದರೆ ಬಾಗಿಲಿಗೆ ಬೀಗ.
ಹೌದು, ಹೊರಗಿನಿಂದ.
ಹೇಳುವವರು ಹೇಳಲಿ.

ದೇರಳಕಟ್ಟೆಯ ಆಚೆ ಒಂದು ಕಡೆ ಹೆಂಗಸರಿಗೆ ಮಾತ್ರ.
ಉಡುಪಿ ದಾಟಿ ಒಂದು, ತಿಂಗಳಿಗೆ ಹದಿನೆಂಟು ಸಾವಿರ, ಮಾತ್ರೆ ಬೇರೆ.
ಒಂದು ಬುಟ್ಟಿ ಬೂತಾಯಿಯಲ್ಲಿ ನನಗೆಷ್ಟು ಉಳಿಯುತ್ತದೆ
ಎಂದು ಅವರೂ ಕೇಳಲಿಲ್ಲ, ನಾನೂ ಹೇಳಲಿಲ್ಲ.
ಕಿನ್ನಿಗೋಳಿ ಕಡೆಯ ಸಿಸ್ಟರಮ್ಮ ಕಾಫಿ ಕೊಟ್ಟರು, ಕೈ ಹಿಡಿದರು,
"ಇದು ಯಾರೂ ಇಲ್ಲದವರಿಗೆ. ಅವನಿಗೆ ನೀವಿದ್ದೀರಲ್ಲ."

ನಾನಿದ್ದೇನೆ.
ಬಸ್ಸಿನಲ್ಲಿ ಬರುವಾಗ ಕೆಟ್ಟ ಯೋಚನೆಯೊಂದು ಪಕ್ಕದಲ್ಲೇ ಕೂತಿತ್ತು:
ಸ್ಟೇಟ್‌ಬ್ಯಾಂಕ್ ಸ್ಟ್ಯಾಂಡಿನಲ್ಲಿ ಅವನನ್ನು ಕೂರಿಸಿ
ಗೋಳಿಬಜೆ ತರುತ್ತೇನೆಂದು ಹೋಗಿಬಿಟ್ಟರೆ
ಅವನೂ ಯಾರೂ ಇಲ್ಲದವ.
ಗೋಳಿಬಜೆ ತಂದೆ.
ಕೊನೆಯದನ್ನು ಅವ ಎರಡು ತುಂಡು ಮಾಡಿ
ದೊಡ್ಡದನ್ನು ನನಗೆ ಕೊಟ್ಟ.

ಇವತ್ತಿನದು ಹೊಸ ಜಾಗ. ಫಾರಂ ಉಂಟು.
ಹಿಂಸೆ ಮಾಡುತ್ತಾರೆಯೇ? ಇಲ್ಲ.
ಓಡಿಹೋಗುತ್ತಾರೆಯೇ? ಸಮುದ್ರದ ತನಕ.
ಬಯ್ಯುತ್ತಾರೆಯೇ? ಬೈಗುಳ ಬೀಳುವುದು ಅವನಿಗೆ.
ಹನ್ನೊಂದನೇ ಕಾಲಂ: ನಿಮ್ಮ ನಂತರ ಜವಾಬ್ದಾರಿ ಯಾರದ್ದು?

ಪೆನ್ನು ಅಲ್ಲಿ ನಿಂತಿತು.
ನನಗೆ ಐವತ್ತೆರಡು, ಶುಗರು. ಮಗಳು ಕುಂದಾಪುರದಲ್ಲಿ.
ಅವಳನ್ನು ನೋಡಲು ಗಂಡಿನವರು ಬಂದ ದಿನ
ಮಾವನ ಸುದ್ದಿ ನಾವು ತೆಗೆಯಲಿಲ್ಲ.
ಪುರು ಅವರು ಹೋಗುವ ತನಕ ಬಲೆಯ ಶೆಡ್ಡಿನಲ್ಲಿ ಕೂತಿದ್ದ,
ಹೊಸ ಅಂಗಿ ಹಾಕಿಕೊಂಡು, ಒಂದು ಸದ್ದಿಲ್ಲದೆ.
ಹೊಸ ಅಂಗಿ ಅವನಿಗೆ ಯಾರು ಹಾಕಿಸಿದ್ದೂ ಅಲ್ಲ.

"ಖಾಲಿ ಬಿಡುವ ಹಾಗಿಲ್ಲ," ಎಂದ ಮೇಜಿನ ಹಿಂದಿನ ಹುಡುಗ.
ಪುರು ಬಗ್ಗಿ ಓದಿದ. ಪೆನ್ನು ತೆಗೆದುಕೊಂಡು
ನಿಧಾನವಾಗಿ ಬರೆದ, ಏಳನೇ ಕ್ಲಾಸಿನ ಅದೇ ದುಂಡಕ್ಷರದಲ್ಲಿ,
ತಾನು ಹೋಗುತ್ತಿದ್ದ ಬೋಟಿನ ನಂಬರು.
ಗುಜರಿಗೆ ಹೋಗಿ ಹದಿನೈದು ವರ್ಷವಾದ ಬೋಟು.

"ಇದು ಮೊಬೈಲಾ? ಅಂಕಿ ಕಡಿಮೆ ಉಂಟಲ್ಲ."
ನಾನು ಹೌದು ಎಂದೆನೋ, ಇಲ್ಲ ಎಂದೆನೋ.
"ಜಾಗ ಆದರೆ ಫೋನ್ ಮಾಡುತ್ತೇವೆ."

ವಾಪಸು ಫೆರಿಯಲ್ಲಿ ಅವ ಮತ್ತೆ ಹಲಗೆಗೆ ಕಿವಿಯಿಟ್ಟ.
ಇಪ್ಪತ್ತನಾಲ್ಕು ವರ್ಷದಲ್ಲಿ ಮೊದಲ ಸಲ
ನಾನೂ ಬಗ್ಗಿ ಕೇಳಿದೆ, ಏನು ಹೇಳುತ್ತಿದ್ದಾರೆ ಪುರು?
"ಸ್ವಲ್ಪ ಸುಮ್ಮನಿರು ಬೇಬಿಯಕ್ಕ," ಎಂದ,
"ಲೈನು ಸರಿ ಇಲ್ಲ."