ಬಾವಿ ನೀರು

ಆಸ್ಪತ್ರೆಯ ಹುಡುಗಿ ಕೇಳಿದಳು,
"ಮೆಷಿನಿಗೆ ಯಾವ ನೀರು ಹಾಕುತ್ತೀರಿ?"
ಬೀಗಿಯೇ ಹೇಳಿದೆ: ನಮ್ಮದೇ ಬಾವಿಯದ್ದು.
ಬೇಕಾದರೆ ಕುಲಶೇಖರದಲ್ಲಿ ಯಾರನ್ನೂ ಕೇಳಿ,
ಮೇ ತಿಂಗಳಲ್ಲೂ ಬತ್ತದ್ದು,
ಪಾದ್ರಿಗಳೂ ಕೊಡ ಕಳಿಸುತ್ತಿದ್ದದ್ದು.

ಅವಳು ಬರೆಯುವುದನ್ನು ನಿಲ್ಲಿಸಿದಳು.

ಲಿಗೋರಿಯ ಗೊರಕೆ ಆಚೆ ಗುಡ್ಡೆಗೂ ಗೊತ್ತಿತ್ತು.
ನಡುವೆ ಉಸಿರು ನಿಂತುಬಿಡುವ ಹೊತ್ತು ಮಾತ್ರ
ನನ್ನೊಬ್ಬಳದ್ದು. ಬೆರಳು ಮಡಚಿ ಎಣಿಸುತ್ತಿದ್ದೆ,
ಹದಿನೇಳು, ಹದಿನೆಂಟು...
ಮೆಷಿನು ಬಂದ ರಾತ್ರಿ ಎಣಿಕೆ ಬೇಕಾಗಲಿಲ್ಲ.
ನಾನೂ ಮಲಗಿದೆ.

ಆಟಿಯಲ್ಲಿ ಬೆಲ್ಟಿಗೆ ಬೂಷ್ಟು, ಚಪ್ಪಲಿಗೆ ಬೂಷ್ಟು,
ಪ್ರಾರ್ಥನೆ ಪುಸ್ತಕದ ರಟ್ಟಿಗೂ.
ದಿನಾ ಒರಸುತ್ತಿದ್ದವಳಿಗೆ
ಆ ಸೊಂಡಿಲಿನೊಳಗೆ ಇಣುಕಬೇಕೆಂದು ಹೊಳೆಯಲಿಲ್ಲ.
ಡಬ್ಬಿಯ ತಳಕ್ಕೆ ಬೆರಳಿಟ್ಟರೆ ಜಾರಿತು:
ತೆಳು ಗುಲಾಬಿ, ಲೋಳೆ.
ಅದರ ಮೇಲೆ ಹಾದ ಗಾಳಿಯನ್ನೇ
ಮೂರು ತಿಂಗಳು, ಪಟ್ಟಿ ಬಿಗಿದು,
ಅವನ ಮೂಗಿಗೆ ಕಟ್ಟಿದವಳು ನಾನು.

ಈಗ ಮೆಡಿಕಲ್ಲಿನಿಂದ ತಂದ ರುಚಿಯಿಲ್ಲದ ನೀರು.
ಬೆಳಿಗ್ಗೆ ಸಾಬೂನು, ಆಮೇಲೆ ಫ್ಯಾನಿನ ಕೆಳಗೆ
ಬಾಯಿ ತೆರೆದು ನೇತಾಡುವ ಕೊಳವೆ.

ನ್ಯುಮೋನಿಯಾ ಇಳಿದು ಮನೆಗೆ ಬಂದವನು
ಮೊದಲು ಕೇಳಿದ್ದು ಒಂದು ಲೋಟ ಬಾವಿ ನೀರು.
ಕುದಿಸಿ, ಆರಿಸಿ ಕೊಟ್ಟೆ.
ಒಂದು ಗುಟುಕು ಕುಡಿದು ಲೋಟ ಇಟ್ಟ.
"ಇದು ನಮ್ಮದಲ್ಲ" ಅಂದ.