ಕಿವಿ ಹತ್ತಿರ ಅಲ್ಲಾಡಿಸಿ

ಶಿಡ್ಲಘಟ್ಟದ ಬಸ್ ಸ್ಟ್ಯಾಂಡಿನ ಹಿಂದೆ
ನನ್ನದೊಂದು ಜೆರಾಕ್ಸ್ ಅಂಗಡಿ.
ಪಹಣಿ, ಜಾತಿ ಪತ್ರ, ಆಧಾರಿನಲ್ಲಿ ಹೆಸರು ತಿದ್ದೋದು,
ಕರೆಂಟಿದ್ದರೆ ಲ್ಯಾಮಿನೇಷನ್.
ಇಷ್ಟು ವರ್ಷದಲ್ಲಿ ಯಾರೂ ಬಂದು
ದ್ವೀಪ ಕೇಳಿದ್ದಿಲ್ಲ.

ಬುಧವಾರ ಫಿಲೇಚರ್ ಬಿಟ್ಟ ಮೇಲೆ ಬಂದರು
ಖುರ್ಷಿದಾಬಿ, ಸಪ್ಪಲಮ್ಮ.
ಮೈಗೆಲ್ಲ ಬೇಯಿಸಿದ ಹುಳದ ವಾಸನೆ.
ಈ ಊರಲ್ಲಿ ಅದಕ್ಕೆ ಯಾರೂ ಮೂಗು ಮುಚ್ಚುವುದಿಲ್ಲ,
ಅನ್ನದ ವಾಸನೆ ಅದು.
ಇಪ್ಪತ್ತಾರು ವರ್ಷ ಅಕ್ಕಪಕ್ಕದ ಬೇಸಿನ್ನು,
ಇಬ್ಬರದೂ ಸೇರಿ ಒಂದೇ ಚೀಟಿ, ಈಗ ಎತ್ತಿದ್ದಾರೆ.
"ಅಂಡಮಾನಿಗೆ ಎಷ್ಟಾಗ್ತದೆ ನೋಡು ಬಾಬು.
ಸುತ್ತ ನೀರೇ ಇರಬೇಕು.
ತಣ್ಣಗಿರೋ ನೀರು."

ಮೂರು ಕಿಟಕಿ ತೆರೆದೆ.
ಒಂದರಲ್ಲಿ ಇಬ್ಬರಿಗೆ ಐವತ್ತೆಂಟು ಸಾವಿರ, ತಿಂಡಿ ಉಚಿತ.
ಇನ್ನೊಂದರಲ್ಲಿ ಐವತ್ತೊಂದು, ಕೊನೆಗೆ
ಸೌಕರ್ಯ ಶುಲ್ಕ ಅಂತ ಒಂದು ಬಾಲ.
ಮೂರನೆಯದು ಕೆಂಪಕ್ಷರದಲ್ಲಿ ಬಾಯಿ ಬಡಕೊಳ್ಳುತ್ತಿತ್ತು:
ಎರಡೇ ರೂಮು ಉಳಿದಿವೆ, ಹದಿನೇಳು ಜನ ನೋಡುತ್ತಿದ್ದಾರೆ!
"ನೋಡ್ಲಿ ಬಿಡು," ಅಂದಳು ಸಪ್ಪಲಮ್ಮ,
"ಮಾರ್ಕೆಟ್ಟಲ್ಲೂ ಹಿಂಗೇ, ಗೂಡು ಬೇಡದವನೇ
ಮೊದಲು ಕೂಗೋದು."
ಒಮ್ಮೆ ಹಿಂದೆ ಹೋಗಿ ಬಂದೆ. ನಾನೂರು ಏರಿತ್ತು.
ಯಾರು ಏರಿಸಿದರು?
ಅಂಗಡಿಯಲ್ಲಿ ಇದ್ದದ್ದು ನಾವು ಮೂವರೇ.

ಫೋಟೋ ದೊಡ್ಡದು ಮಾಡು ಅಂದರು, ಮಾಡಿದೆ.
ಮೂರರಲ್ಲೂ ಅದೇ ತೆಂಗಿನ ಮರ, ಓರೆಯಾಗಿ,
ಅದೇ ಹುಲ್ಲುಟೋಪಿಯ ಹೆಂಗಸು, ಬೆನ್ನು ಹಾಕಿ ಕೂತವಳು.
ಸಮುದ್ರ ಮಾತ್ರ ಒಂದರಲ್ಲಿ ನೀಲಿ, ಒಂದರಲ್ಲಿ ಹಸಿರು,
ಮೂರನೆಯದರಲ್ಲಿ ಮದುವೆಮನೆ ಶಾಮಿಯಾನ.
"ಇವಳು ಮನೆಗೆ ಯಾವಾಗ ಹೋಗ್ತಾಳೆ?"

ಖುರ್ಷಿದಾಬಿ ಪರದೆಯ ಹತ್ತಿರ ಬೆರಳು ತಂದಳು,
ಮುಟ್ಟಲಿಲ್ಲ.
ಕುದಿನೀರಲ್ಲಿ ಎಳೆ ಹುಡುಕಿ ಹುಡುಕಿ
ಗೆರೆ ಅಳಿಸಿಹೋದ ಬೆರಳು.
ರೇಷನ್ ಅಂಗಡಿಯ ಯಂತ್ರ ತಿಂಗಳಿಗೊಮ್ಮೆ
ಇವಳು ಯಾರೋ ಗೊತ್ತಿಲ್ಲ ಅನ್ನುತ್ತದೆ.
"ಗೂಡಾದ್ರೆ ಒಂದು ಹಿಡಿ ತಗೊಂಡು
ಕಿವಿ ಹತ್ರ ಅಲ್ಲಾಡಿಸ್ತೀವಿ.
ಒಳಗಿನ ಹುಳ ಲೊಟಲೊಟ ಅಂದ್ರೆ ಸರಿ.
ಸುಮ್ಮನಿದ್ರೆ ಕರಗಿದೆ, ನೂಲು ಬರಲ್ಲ.
ಇದನ್ನ ಹೆಂಗಪ್ಪ ಅಲ್ಲಾಡಿಸೋದು?"

ನನಗೆ ತೋಚಿದ್ದು ಒಂದೇ.
ಹೋಗಿಬಂದವರು ಬರೆದದ್ದನ್ನು
ಕನ್ನಡ ಮಾಡಿ ಓದತೊಡಗಿದೆ.
ಐದು ನಕ್ಷತ್ರದವರು: ಸೂಪರ್, ಸ್ವರ್ಗ, ಮತ್ತೆ ಬರುತ್ತೇವೆ.
ಇಬ್ಬರೂ ಆಕಳಿಸಿದರು.
ಮೂರು ನಕ್ಷತ್ರ: ಇಡ್ಲಿ ಗಟ್ಟಿ.
ಕೆಳಗೆ, ಕಟ್ಟಕಡೆಗೆ, ಒಂದೇ ನಕ್ಷತ್ರ,
ಯಾರೋ ಸಿಟ್ಟಿನ ಗೃಹಸ್ಥ:
ರಾತ್ರಿಯಿಡೀ ಅಲೆಗಳ ಗಲಾಟೆ,
ಕಿಟಕಿ ಮುಚ್ಚಿದರೂ ಬಿಡದು, ಹಾಸಿಗೆಯೊಳಗೆ ಮರಳು,
ದೂರು ಕೊಟ್ಟರೆ ಮ್ಯಾನೇಜರು
ಅಲೆ ನಿಲ್ಲಿಸೋಕೆ ನನಗೆ ಬರಲ್ಲ ಅಂದ.

ಸಪ್ಪಲಮ್ಮ ಖುರ್ಷಿದಾಬಿಯ ಮುಖ ನೋಡಿದಳು.
"ಇನ್ನೊಂದ್ಸಲ ಓದು."
ಓದಿದೆ.
"ಹುಳ ಐತೆ ಒಳಗೆ," ಅಂದಳು, "ಇದನ್ನೇ ಹಾಕು."

ಅದು ಬಾಲವಿದ್ದ ಎರಡನೆಯದು.
ಬಾಲ ಸಮೇತ ಲೆಕ್ಕ ಹೇಳಿದೆ,
ಬಿಸ್ಕತ್ತಿನ ಡಬ್ಬಿಯಿಂದ ಎಣಿಸಿಟ್ಟರು.
ಹೆಸರು ಹೊಡೆದೆ, ವಯಸ್ಸು ಹೊಡೆದೆ.
ಆಧಾರಿನ ಪ್ರಕಾರ ಇಬ್ಬರೂ ಹುಟ್ಟಿದ್ದು ಜನವರಿ ಒಂದಕ್ಕೆ.
ಖುರ್ಷಿದಾಬಿ ಹೆಬ್ಬೆರಳನ್ನು ಸೀರೆಗೆ ಒರೆಸಿ, ಊದಿ,
ಸಿದ್ಧವಾಗಿ ಹಿಡಿದಿದ್ದಳು.
ಯಾರೂ ಕೇಳಲಿಲ್ಲ.
"ಇಷ್ಟೇನಾ?"

ಇಷ್ಟೇ ಅಲ್ಲ. ಪ್ರಯಾಣಿಕರ ಫೋನ್ ನಂಬರಿಗೆ ಓಟಿಪಿ ಹೋಯಿತು,
ನಂಬರು ಸಪ್ಪಲಮ್ಮನ ಅಳಿಯನದು,
ಅಳಿಯ ವಿಜಯಪುರದ ಬಸ್ಸಿನಲ್ಲಿ, ಸಿಗ್ನಲ್ಲಿಲ್ಲ.
ಪರದೆಯ ಮೂಲೆಯಲ್ಲಿ ಹತ್ತು ನಿಮಿಷದ ಗಡಿಯಾರ
ಹಿಂದಕ್ಕೆ ಓಡತೊಡಗಿತು.
ಅವರಿಬ್ಬರೂ ಬೆಂಚಿನ ಮೇಲೆ ಕೂತು
ಸಮುದ್ರಕ್ಕೆ ಸ್ವೆಟರ್ ಬೇಕೋ ಬೇಡವೋ ಅಂತ
ಜಗಳ ತೆಗೆದರು.
ದೇವನಹಳ್ಳಿ ಕಡೆಯಿಂದ ಒಂದು ವಿಮಾನ
ಶೀಟಿನ ಮೇಲೆ ಗುಡುಗಿಕೊಂಡು ಹೋಯಿತು.
"ಅದಾ?" ಅಂತ ಕೇಳಿದಳು.
ಗೊತ್ತಿಲ್ಲ ಅಂದೆ.
ಇನ್ನೂ ಆರು ನಿಮಿಷ ಇತ್ತು.